ದನದ ಪುಡಿ

ಎರಡನೆಯ ಕುರಿ ಸತ್ತದ್ದು ಬೆಳಗಿನ ಮೇವಿನ ಹೊತ್ತಿಗೆ. ಅದರ ಕಿವಿಯ ಬಿಲ್ಲೆಯ ಮೇಲೆ ಹದಿನೇಳು ಎಂದು ಬರೆದಿತ್ತು. ಅತ್ತೆಯ ಬಾಯಲ್ಲಿ ಅದು ಹೊಟ್ಟೆಬಾಕಿ. ತೊಟ್ಟಿಗೆ ಮೇವು ಬೀಳುವ ಸದ್ದಾದರೆ ಸಾಕು, ಉಳಿದವನ್ನೆಲ್ಲ ಭುಜದಿಂದ ತಳ್ಳಿಕೊಂಡು ಮುಂದೆ ಬರುವ ಕುರಿ ಅಂದು ಗೋಡೆಯ ಕಡೆ ಮುಖ ಮಾಡಿ ನಿಂತೇ ಇತ್ತು. ಸೊಸೆ ಹತ್ತಿರ ಹೋಗುವಷ್ಟರಲ್ಲಿ ಹಿಂಗಾಲು ಕುಸಿಯಿತು. ಸಿಮೆಂಟಿನ ನೆಲದ ಮೇಲೆ ತುಕ್ಕು ಹಿಡಿದ ನಲ್ಲಿಯ ನೀರಿನ ಬಣ್ಣದ ಮೂತ್ರ ಹರಿದು ಬಂತು.

"ಅತ್ತೆ, ಇದೂ ಹಾಗೇ," ಎಂದಳು ಸೊಸೆ.

ಅತ್ತೆ ಬುಟ್ಟಿ ಕೆಳಗಿಟ್ಟು ಓಡಿ ಬಂದಳು. ಮಂಡಿಯೂರಿ ಕುಳಿತು ಕುರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಬಿಡಿಸಿದಳು. ಗುಲಾಬಿ ಇರಬೇಕಾದ ಜಾಗ ಅರಿಸಿನ ಬಳಿದ ಹಾಗಿತ್ತು. ಮೂರು ದಿನದ ಹಿಂದೆ ಸತ್ತ ಮೊದಲನೆಯದ್ದೂ ಹೀಗೇ ಇತ್ತು. ಕುರಿ ಒಂದೆರಡು ಸಲ ಕಾಲು ಝಾಡಿಸಿತು, ಆಮೇಲೆ ಅದರ ಕತ್ತು ಅತ್ತೆಯ ತೊಡೆಯ ಮೇಲೆ ಭಾರವಾಯಿತು.

"ಡಾಕ್ಟರಿಗೆ ಫೋನ್ ಮಾಡ್ತೀನಿ," ಎಂದು ಸೊಸೆ ಹೊರಟಳು.

ಆ ಶೆಡ್ಡಿಗೆ ಅವರು ಬಂದು ಐವತ್ತಮೂರು ದಿನವಾಗಿತ್ತು. ತಳಿ ಬೆಳೆಸುವ ಫಾರಮ್ಮೊಂದು ಹೊರದೇಶದಿಂದ ಮೂವತ್ತಾರು ಹೆಣ್ಣುಕುರಿಗಳನ್ನು ತರಿಸಿತ್ತು. ಹೊರಗಿನಿಂದ ಬಂದ ಪ್ರಾಣಿ ಊರೊಳಗೆ ಹೋಗುವ ಮೊದಲು ಮೂವತ್ತು ದಿನ ಕ್ವಾರಂಟೈನಿನಲ್ಲಿರಬೇಕು. ಅದನ್ನು ನೋಡಿಕೊಳ್ಳುವವರೂ ಅದರ ಜೊತೆಗೇ ಇರಬೇಕು. ಒಳಗೆ ಬಂದವರು ಅವಧಿ ಮುಗಿಯುವವರೆಗೆ ಹೊರಗೆ ಕಾಲಿಡುವಂತಿಲ್ಲ, ಯಾರು ಸತ್ತರೂ, ಯಾರು ಹೆತ್ತರೂ. ಫಾರಮ್ಮಿನವರು ಈ ಇಬ್ಬರನ್ನು ಕಳಿಸಿದ್ದರು. ಅತ್ತೆ ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಕುರಿಯ ಹಿಂದೆಯೇ ತಿರುಗಿದವಳು. ಬೇರೆ ಯಾವ ಕೆಲಸವನ್ನೂ ಮಾಡಿದವಳಲ್ಲ, ಕೇಳಿದವಳೂ ಅಲ್ಲ. ಸೊಸೆ ವರ್ಷದ ತರಬೇತಿ ಮುಗಿಸಿ ಸರ್ಟಿಫಿಕೇಟು ತಂದವಳು. ಮೂವತ್ತನೆಯ ದಿನಕ್ಕೆ ಒಂದು ದಿನ ಉಳಿದಿರುವಾಗ, ಯಾವುದೋ ಕಾಗದದ ಮೇಲೆ ಇರಬೇಕಾದ ಮೊಹರು ಇಲ್ಲವೆಂದು ಇನ್ನೂ ನಲವತ್ತು ದಿನ ಸೇರಿಸಿದರು.

"ಮೊಹರು ಯಾರು ಹಾಕಬೇಕಿತ್ತಂತೆ, ಕುರೀನಾ?" ಎಂದು ಅತ್ತೆ ಕೇಳಿದ್ದಳು. ಯಾರೂ ನಕ್ಕಿರಲಿಲ್ಲ.

ಶೆಡ್ಡಿನೊಳಗೆ ಕುರಿಗಳಿಗೆ ಆರು ಅಂಕಣ, ಹೊರಗೆ ಒಂದರಾಚೆ ಒಂದು ಎರಡು ಬೇಲಿ. ಒಳಬೇಲಿಯ ಬಾಗಿಲಲ್ಲಿ ಔಷಧದ ನೀರಿನ ತೊಟ್ಟಿ, ಅದರಲ್ಲಿ ಕಾಲು ಅದ್ದಿಯೇ ದಾಟಬೇಕು. ಹೊರಬೇಲಿಯ ಗೇಟಿನ ಬಳಿ ಡಾಕ್ಟರ ಆಫೀಸು, ಕಾವಲುಗಾರನ ಮನೆ. ಕಾವಲುಗಾರನ ಸೊಂಟದಲ್ಲಿ ಯಾವಾಗಲೂ ಹದಿನೈದಿಪ್ಪತ್ತು ಬೀಗದ ಕೈಗಳ ಗೊಂಚಲು. ಆದ್ದರಿಂದ ಅವನು ಎಲ್ಲರಿಗೂ ಬೀಗದಣ್ಣ. ಹೆಂಗಸರಿಗೆ ಕೊಟ್ಟಿದ್ದ ಕೋಣೆಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ. ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ, ಮೇಲೆ ತಗಡು. ಮುಂದಿನ ಬಾಗಿಲು ಒಳಬೇಲಿಯ ಹೊರಗೆ ತೆರೆಯುತ್ತಿತ್ತು; ಎರಡು ಮಾರು ದೂರದಲ್ಲಿ ಅದೇ ಬೇಲಿಯ ಜಾಲರಿ, ಅದರಾಚೆ ಕುರಿಗಳ ಬಯಲು.

ಬಂದ ಎರಡನೆಯ ವಾರದಿಂದಲೇ ಬಿಸಿಲು ಹತ್ತಿಕೊಂಡಿತ್ತು. ಹತ್ತು ಗಂಟೆಯಾದರೆ ತಗಡಿನ ಚಾವಣಿ ಟಕಟಕ ಸದ್ದು ಮಾಡಲು ಶುರು. ಎರಡು ಫ್ಯಾನುಗಳಲ್ಲಿ ಒಂದು ಕೆಟ್ಟಿತ್ತು. ರಿಪೇರಿಯವನು ಒಳಗೆ ಬಂದರೆ ಅವನೂ ಇಲ್ಲೇ ಉಳಿಯಬೇಕಾಗುತ್ತದೆಂದು ಯಾರೂ ಬರಲಿಲ್ಲ. ತಂಪು ಸೀಮೆಯ ಕುರಿಗಳು, ಮೈತುಂಬ ಉಣ್ಣೆ. ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ತೂರಿಸಿಕೊಂಡು, ಬಾಯಿ ತೆರೆದು ತೇಕುತ್ತ ನಿಲ್ಲುತ್ತಿದ್ದವು. ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಸೊಸೆ ಗಡಿಯಾರ ಹಿಡಿದು ಒಂದೊಂದರ ಪಕ್ಕೆ ನೋಡುತ್ತ ನಿಮಿಷಕ್ಕೆ ಎಷ್ಟು ಉಸಿರೆಂದು ಎಣಿಸಿ ಪಟ್ಟಿಗೆ ಬರೆಯುತ್ತಿದ್ದಳು. ಕೆಲವಕ್ಕೆ ನೂರ ಇಪ್ಪತ್ತು, ಕೆಲವಕ್ಕೆ ನೂರ ತೊಂಬತ್ತು.

"ಬರೆದ್ರೆ ತಂಪಾಗುತ್ತಾ?" ಎಂದು ಅತ್ತೆ ಕೆಣಕುತ್ತಿದ್ದಳು.

"ಬರೆಯದಿದ್ರೆ ಯಾವುದಕ್ಕೆ ಕಷ್ಟ ಅಂತ ಹೇಗೆ ಗೊತ್ತಾಗುತ್ತೆ ಅತ್ತೆ?"

"ಮುಖ ನೋಡಿದ್ರೆ ಗೊತ್ತಾಗುತ್ತೆ."

ಕುರಿಗಳಿಗೆಂದೇ ಕಳಿಸಿದ್ದ ಮಿನರಲ್ ಪುಡಿ ಸೆಕೆಗೆ ಬೆವೆತು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಒಡೆದು ಹಾಕಿದರೂ ಅವು ಮೂಸಿ ಬಿಡುತ್ತಿದ್ದವು. ಬಾಯಿಂದ ಸುರಿಯುವುದು ಬರೀ ನೀರಲ್ಲ, ಒಳಗಿನ ಉಪ್ಪೂ ಅದರ ಜೊತೆ ಹೋಗುತ್ತದೆ ಎಂಬುದು ಅತ್ತೆಗೆ ಗೊತ್ತಿತ್ತು. ಅದು ಸರಿಯಾದ ತಿಳಿವಳಿಕೆಯೇ. ಎರಡು ಬೇಲಿಗಳ ನಡುವೆ ಬೀಗದಣ್ಣ ಎರಡು ಹಸು ಕಟ್ಟಿಕೊಂಡಿದ್ದ. ಅಂಥ ಬಿಸಿಲಲ್ಲೂ ಅವು ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚುತ್ತಿದ್ದವು.

"ಏನು ಹಾಕ್ತೀಯೋ ಇವಕ್ಕೆ?" ಎಂದು ಅತ್ತೆ ಒಂದು ದಿನ ಕೇಳಿದ್ದಳು.

"ಮಿನರಲ್ ಪುಡಿ ಅಕ್ಕ. ಬೇಕಾದ್ರೆ ಒಂದು ಡಬ್ಬ ತಗೊಂಡು ಹೋಗು, ನಂದೇನು ಗಂಟು ಹೋಗುತ್ತೆ."

ಅತ್ತೆ ತಗೊಂಡು ಬಂದಳು. ಕಾಕಂಬಿಗೆ ಕಲಸಿ ಉಂಡೆ ಕಟ್ಟಿದಳು. ಸೊಸೆ ಮಧ್ಯಾಹ್ನ ಸ್ನಾನಕ್ಕೆ ಹೋದಾಗ, ತುಂಬ ತೇಕುವ ಕುರಿಗಳನ್ನು ಹುಡುಕಿ ಹುಡುಕಿ ತಿನ್ನಿಸಿದಳು. ಪಟ್ಟಿಯಲ್ಲಿ ಇಲ್ಲದ್ದನ್ನು ಕೊಡಬಾರದೆಂದು ಸೊಸೆಯ ಕಟ್ಟಪ್ಪಣೆ. ಕೇಳಿದರೆ ಬೇಡ ಎನ್ನುವವಳನ್ನು ಕೇಳುವುದಾದರೂ ಯಾಕೆ? ಕುರಿಗಳು ಚೇತರಿಸಿಕೊಂಡವು, ತೊಟ್ಟಿಯ ಬಳಿ ಗುದ್ದಾಟ ಶುರುವಾಯಿತು. ತಾನು ಕಟ್ಟಿದ ಒದ್ದೆ ಗೋಣಿಯ ಪರದೆಯಿಂದಲೇ ಇದೆಲ್ಲ ಎಂದು ಸೊಸೆ ಹಿಗ್ಗಿದಳು. ಅತ್ತೆ ಒಳಗೊಳಗೇ ನಕ್ಕಳು. ಒಂದು ಡಬ್ಬ ಮುಗಿದು ಎರಡನೆಯದು, ಹಾಗೇ ಆರನೆಯದೂ ಬಂತು. ನಲವತ್ತು ದಿನ ಒಂದು ದಿನವೂ ತಪ್ಪಿಸಲಿಲ್ಲ.

ಈಗ ಹೊಟ್ಟೆಬಾಕಿಯ ಮೇಲೆ ಗೋಣಿ ಹೊದಿಸಿ, ಅತ್ತೆ ಖಾಲಿ ಡಬ್ಬ ಹಿಡಿದು ಬೀಗದಣ್ಣನ ಕೊಟ್ಟಿಗೆಗೆ ಹೋದಳು. ಉಳಿದವಕ್ಕೆ ಶಕ್ತಿ ಕಡಿಮೆಯಾಗಿದೆ, ಒಂದರ ಬದಲು ಎರಡು ಉಂಡೆ ಕೊಡಬೇಕು ಎಂಬುದು ಅವಳ ಲೆಕ್ಕ.

ಬೀಗದಣ್ಣ ಹೊಸ ಮೂಟೆಯ ಬಾಯಿ ಬಿಚ್ಚುತ್ತಿದ್ದ. ಅದುವರೆಗೆ ಅತ್ತೆ ಮೂಟೆಯನ್ನು ನೋಡಿರಲಿಲ್ಲ, ಡಬ್ಬ ಮಾತ್ರ ಕೈಗೆ ಬರುತ್ತಿತ್ತು. ಮೂಟೆಯ ಮುಖದ ಮೇಲೆ ದೊಡ್ಡದೊಂದು ಹಸು. ಬೆನ್ನಿನ ಮೇಲೆ, ಕೆಳಗಡೆ ಮೂಲೆಯಲ್ಲಿ, ಅಂಗೈಯಷ್ಟು ಜಾಗದಲ್ಲಿ ಒಂದು ಕುರಿಯ ಚಿತ್ರ, ಅದರ ಮೇಲೆ ಅಡ್ಡ ಗೀಟು. ಚಿತ್ರದ ಪಕ್ಕ ಸಣ್ಣ ಅಕ್ಷರ. ಅತ್ತೆ ಬಗ್ಗಿ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ದನಗಳಿಗೆ ಮಾತ್ರ. ತಾಮ್ರ ಇದೆ. ಕುರಿಗಳಿಗೆ ಕೊಡಬಾರದು. ತಾಮ್ರ ಕುರಿಯ ಈಲಿಯಲ್ಲಿ (ಲಿವರಿನಲ್ಲಿ) ಶೇಖರವಾಗಿ ಪ್ರಾಣಕ್ಕೆ ಅಪಾಯ.

ಇನ್ನೊಂದು ಸಲ ಓದಿದಳು. ತಪ್ಪಾಗಿ ಓದಿರಬಹುದೆಂದು ಮೂರನೆಯ ಸಲವೂ ಓದಿದಳು. ಅಕ್ಷರ ಬದಲಾಗಲಿಲ್ಲ.

"ಏನಕ್ಕ, ಮೂಟೇನ ಓದ್ತಾ ಕೂತೆ?" ಎಂದ ಬೀಗದಣ್ಣ.

ಅತ್ತೆ ಬೆರಳು ತೆಗೆಯದೆ ತೋರಿಸಿದಳು. ಅವನು ಬಗ್ಗಿ ನೋಡಿದ. ಅವನ ಸೊಂಟದ ಬೀಗದ ಕೈಗಳು ಒಮ್ಮೆ ಝಲ್ಲೆಂದು ಸುಮ್ಮನಾದವು.

"ನೀನು ಕುರಿಗೆ ಹಾಕಿದ್ಯಾ? ಎಲ್ಲಾನೂ?"

"ಮತ್ತೆ ನಾನು ತಿಂದ್ನಾ?"

"ಅಯ್ಯೋ ಅಕ್ಕ..." ಅವನು ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಈ ಮಾತು ಇಲ್ಲೇ ಇರಲಿ. ಬೇಲಿ ದಾಟಿ ಒಳಗೆ ಏನೂ ಕೊಡಬಾರದು ಅಂತ ನನ್ನ ಹತ್ರ ಬರೆಸಿಕೊಂಡಿದಾರೆ. ಇನ್ನು ಎರಡು ವರ್ಷ ಸರ್ವಿಸ್ ಇದೆ ನಂಗೆ. ನಿಂಗೂ ಅಷ್ಟೇ. ಪಟ್ಟಿಯಲ್ಲಿಲ್ಲದ ಮೇವು ಹಾಕಿದವರನ್ನ ಆಮೇಲೆ ಯಾವ ಮಂದೆ ಹತ್ರಾನೂ ಬಿಡಲ್ಲ, ಗೊತ್ತಲ್ಲ? ಹೋದ ಎರಡು ಹೋದವು. ಇನ್ನು ಹಾಕಬೇಡ, ಮುಗೀತು."

ಮುಗೀತು ಎಂದು ಅತ್ತೆಗೂ ಅನ್ನಿಸಿತು. ಇನ್ನು ಹಾಕದಿದ್ದರಾಯಿತು. ಡಬ್ಬವನ್ನು ಅಲ್ಲೇ ಬಿಟ್ಟು ಬಂದಳು. ಔಷಧದ ತೊಟ್ಟಿಯಲ್ಲಿ ಕಾಲು ಅದ್ದಿ ಒಳಗೆ ಹೋದಳು.

ಡಾಕ್ಟರು ಬಂದಾಗ ಹನ್ನೊಂದು ಗಂಟೆ. ಮೊಣಕಾಲುವರೆಗೆ ಬಿಳಿ ರಬ್ಬರು ಬೂಟು, ಮುಖಕ್ಕೆ ಬಟ್ಟೆ, ಅದರ ಮೇಲೆ ನಿದ್ದೆಯಿಲ್ಲದ ಎರಡು ಕಣ್ಣು. ಒಳ್ಳೆಯ ಮನುಷ್ಯನೇ. ಆದರೆ ಮೂರು ವರ್ಷದ ಹಿಂದೆ ಅನುಮಾನವಿದ್ದೂ ಒಂದು ಮಂದೆಯನ್ನು ಹೊರಗೆ ಬಿಟ್ಟಿದ್ದರಂತೆ, ಆ ರೋಗ ಏಳೆಂಟು ಊರಿನ ಕುರಿಗಳನ್ನು ತಿಂದು ಹಾಕಿತ್ತಂತೆ. ಅಂದಿನಿಂದ ಅವರು ನಗುವುದು ಕಡಿಮೆ.

ಗೋಣಿ ಸರಿಸಿ ನೋಡಿದರು. ಬದುಕಿರುವವುಗಳಲ್ಲಿ ನಾಲ್ಕಕ್ಕೆ ಥರ್ಮಾಮೀಟರು ಇಟ್ಟರು.

"ಎಲ್ಲಕ್ಕೂ ಜ್ವರ."

"ಈ ಬಿಸಿಲಲ್ಲಿ ಎಲ್ಲಕ್ಕೂ ದಿನಾ ಅಷ್ಟೇ ಇರುತ್ತೆ ಸಾರ್," ಎಂದಳು ಸೊಸೆ. "ಪಟ್ಟೀಲಿ ಬರ್ದಿದೀನಿ."

"ಬಿಸಿಲಿನ ಜ್ವರ ಯಾವುದು, ರೋಗದ ಜ್ವರ ಯಾವುದು ಅಂತ ಥರ್ಮಾಮೀಟರು ಹೇಳಲ್ಲಮ್ಮ. ಕೆಂಪು ಮೂತ್ರ, ಹಳದಿ ಕಣ್ಣು, ಜ್ವರ, ಮೂರು ದಿನದಲ್ಲಿ ಎರಡು ಸಾವು." ಅವರು ಕೈಗವಸು ಕಳಚಿದರು. "ಮೇವಿನಲ್ಲಿ ಏನಾದ್ರೂ ಬದಲಾವಣೆ?"

"ಇಲ್ಲ ಸಾರ್. ನಾನೇ ಸಹಿ ಹಾಕ್ತೀನಿ ದಿನಾ."

ಡಾಕ್ಟರು ಅತ್ತೆಯ ಕಡೆ ನೋಡಿದರು. ಅತ್ತೆ ನೆಲ ನೋಡಿದಳು.

"ಹಾಗಾದ್ರೆ ಇದು ಅಂಟುರೋಗಾನೇ. ಕೊಯ್ದು ನೋಡೋ ಹಾಗಿಲ್ಲ, ನಿಯಮ. ರಕ್ತ ಕಳಿಸಿದ್ರೆ ಉತ್ತರ ಬರೋಕೆ ನಾಲ್ಕೈದು ದಿನ. ಅಷ್ಟು ದಿನ ಕಾಯೋಕೆ ಮೇಲಿನವರು ಬಿಡಲ್ಲ. ನಾನೂ ಬಿಡಲ್ಲ." ಗೋಣಿಯನ್ನು ಮತ್ತೆ ಹೊದಿಸಿ ಹೇಳಿದರು, "ನಾಳೆ ಬೆಳಗ್ಗೆ ಗಾಡಿ ಬರುತ್ತೆ. ಮೂವತ್ತನಾಲ್ಕನ್ನೂ ಮಲಗಿಸಿಬಿಡ್ತೀವಿ. ನೋವಾಗದ ಇಂಜೆಕ್ಷನ್. ನೀವು ನೋಡೋದು ಬೇಡ."

ಸೊಸೆಯ ಕೈಯಿಂದ ಪಟ್ಟಿ ಜಾರಿ ಬಿತ್ತು. ಡಾಕ್ಟರು ಬಗ್ಗಿ ಎತ್ತಿಕೊಟ್ಟು, ಕಾಲು ಅದ್ದಿ, ಆಫೀಸಿಗೆ ಹೋದರು.

ಮಧ್ಯಾಹ್ನ ಕೋಣೆಯಲ್ಲಿ ಇಬ್ಬರೂ ತಂತಮ್ಮ ಮಂಚದ ಮೇಲೆ ಕೂತಿದ್ದರು. ತಟ್ಟೆಯ ಅನ್ನ ಇಬ್ಬರೂ ಮುಟ್ಟಿರಲಿಲ್ಲ. ತಗಡಿನ ಕಾವು ನೆತ್ತಿಗೆ ಇಳಿಯುತ್ತಿತ್ತು. ಗೋಡೆಯ ಆಚೆ ಮೂವತ್ತನಾಲ್ಕು ಬಾಯಿಗಳ ಏದುಸಿರು ಒಂದೇ ಉಸಿರಿನ ಹಾಗೆ ಕೇಳುತ್ತಿತ್ತು.

"ಒದ್ದೆ ಪರದೆ ಕಟ್ಟಬಾರದಿತ್ತಾ ಅತ್ತೆ?" ಎಂದಳು ಸೊಸೆ. "ತೇವಕ್ಕೆ ಏನಾದ್ರೂ ಹುಳ ಬಂದಿರಬಹುದಾ? ನಾನೇ ತಂದ್ನಾ ಇದನ್ನ?"

"ನಿನ್ನಿಂದ ಅಲ್ಲ."

"ನಿಮಗೆ ಹೇಗೆ ಗೊತ್ತು?"

ಅತ್ತೆ ಅನ್ನದ ತಟ್ಟೆಯನ್ನು ಮಂಚದಡಿ ಸರಿಸಿದಳು. ಹೇಳಿದರೆ ತನ್ನ ಕೈಗೆ ಇನ್ನು ಮೇಲೆ ಕುರಿಯೇ ಇಲ್ಲ. ಐವತ್ತು ವರ್ಷಕ್ಕೂ ಮಿಗಿಲಾಗಿ ಬೆಳಗ್ಗೆ ಎದ್ದ ಕೂಡಲೆ ಉಣ್ಣೆಯೊಳಗೆ ಹೋಗುತ್ತಿದ್ದ ಕೈ. ಅದನ್ನು ಇನ್ನು ಎಲ್ಲಿಡುವುದು? ಬೀಗದಣ್ಣನ ಅನ್ನಕ್ಕೂ ಕಲ್ಲು. ಸೊಸೆಯ ಸಹಿ ಸುಳ್ಳಾಗುತ್ತದೆ. ಹೇಳದಿದ್ದರೆ ನಾಳೆ ಗಾಡಿ. ಎರಡೂ ಕಡೆ ಬೇಲಿ. ಹೊರಗೆ ಇದ್ದ ಎರಡು ಬೇಲಿಗಳಿಗೆ ಬೀಗವಾದರೂ ಇತ್ತು, ಬೀಗಕ್ಕೆ ಕೈಯಾದರೂ ಇತ್ತು.

ಅಷ್ಟರಲ್ಲಿ ಗೋಡೆಯಾಚೆ ಸಿಡುಕಿ ಎಂಬ ಕುರಿ ಕೂಗಿತು. ಸಿಡುಕಿಯ ಕೂಗು ಅತ್ತೆಗೆ ಗೊತ್ತು. ಮಧ್ಯಾಹ್ನ ಈ ಹೊತ್ತಿಗೆ ಅದು ಉಂಡೆ ಕೇಳುತ್ತದೆ. ಒಂದು ಕೂಗಿದ್ದೇ ತಡ, ಇನ್ನೊಂದು, ಮತ್ತೊಂದು. ವಿಷ ಕೊಟ್ಟ ಕೈಯನ್ನೇ ಅವು ಕರೆಯುತ್ತಿದ್ದವು.

ಅತ್ತೆ ಎದ್ದು ಸೆರಗು ಸಿಕ್ಕಿಸಿಕೊಂಡಳು.

"ಪಟ್ಟಿ ತಗೊಂಡು ನನ್ನ ಜೊತೆ ಬಾ."

"ಎಲ್ಲಿಗೆ?"

"ಡಾಕ್ಟರ ಹತ್ರ. ಅಲ್ಲಿ ಹೇಳೋದನ್ನ ನೀನೂ ಅಲ್ಲೇ ಕೇಳು. ಎರಡು ಸಲ ಹೇಳೋ ಧೈರ್ಯ ನಂಗಿಲ್ಲ."

ಡಾಕ್ಟರು ವರದಿ ಬರೆಯುತ್ತಿದ್ದರು. ಅತ್ತೆ ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿ ಮುಗಿಸಿದಳು: ದನದ ಪುಡಿ, ಕಾಕಂಬಿ, ನಲವತ್ತು ದಿನ. ಕಾವಲುಗಾರನ ಡಬ್ಬದಿಂದ ಅವನಿಗೆ ಹೇಳದೆ ತಾನೇ ತೆಗೆದೆ ಎಂಬ ಒಂದು ಸುಳ್ಳನ್ನೂ ಸೇರಿಸಿದಳು. ಸೊಸೆ ಅವಳ ಮುಖವನ್ನು ಹೊಸಬರನ್ನು ನೋಡುವ ಹಾಗೆ ನೋಡುತ್ತಿದ್ದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಕೋಪ ಬರುತ್ತದೆಂದು ಅತ್ತೆ ಕಾದಿದ್ದಳು. ಬಂದದ್ದು ಮರುಕ.

"ಕೂತ್ಕೊಳ್ಳಮ್ಮ. ಕುರಿ ಉಳಿಸೋಕೆ ಜನ ಏನೇನು ಹೇಳ್ತಾರೆ ಅಂತ ನಾನು ನೋಡಿದೀನಿ. ಒಬ್ಬ ತಾನೇ ಇಲಿ ಪಾಷಾಣ ಹಾಕ್ದೆ ಅಂದಿದ್ದ. ಇನ್ನೊಬ್ಬಳು ನನ್ನ ಕಾಲು ಬಿಟ್ಟಿರಲಿಲ್ಲ. ಆವಾಗ ನಾನು ಕರಗಿದೆ. ಅದರ ಫಲ ಏಳು ಊರು ಉಂಡವು. ಇನ್ನೊಂದು ಸಲ ಕರಗಲ್ಲ."

"ನಾನು ಸುಳ್ಳು ಹೇಳ್ತಿಲ್ಲ."

"ಬೆಳಗ್ಗೆ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಬೆಳಗ್ಗೆ ಸುಳ್ಳು ಹೇಳ್ದೆ. ಈಗ ಹೇಳ್ತಿಲ್ಲ."

ಡಾಕ್ಟರು ತಲೆಯಾಡಿಸಿ ಮತ್ತೆ ಪೆನ್ನು ಎತ್ತಿಕೊಂಡರು. ಅತ್ತೆ ಬಾಗಿಲು ಬಿಟ್ಟು ಮೇಜಿನ ಹತ್ತಿರ ಬಂದಳು. ನಿಜ ಹೇಳಲು ಹೆದರಿ ಅರ್ಧ ದಿನ ಕಳೆದಿದ್ದಳು. ಹೇಳಿದ ನಿಜ ಯಾರಿಗೂ ಬೇಡವಾಗಬಹುದೆಂದು ಅವಳಿಗೆ ತೋಚಿಯೇ ಇರಲಿಲ್ಲ.

"ಅಂಟುರೋಗ ಆದ್ರೆ ಹೇಗೆ ಹರಡುತ್ತೆ?" ಎಂದು ಕೇಳಿದಳು.

"ಪಕ್ಕದಿಂದ ಪಕ್ಕಕ್ಕೆ. ಒಂದು ಅಂಕಣದಿಂದ ಅದರ ಆಚೆಯ ಅಂಕಣಕ್ಕೆ."

"ಇದು ಹಾಗೆ ಹರಡಿಲ್ಲ. ನಾನು ಯಾರಿಗೆ ಕೊಟ್ಟೆನೋ ಅವಕ್ಕೆ ಮಾತ್ರ ಇರುತ್ತೆ. ಸತ್ತ ಎರಡು ಬಿಟ್ಟು ಇನ್ನೂ ಒಂಬತ್ತಕ್ಕೆ ಕೊಟ್ಟಿದೀನಿ. ಯಾವುವು ಅಂತ ಹೇಳ್ತೀನಿ. ಉಳಿದಿರೋ ಅಷ್ಟರದ್ದೂ ಕಣ್ಣು ಬಿಡಿಸಿ ನೋಡಿ."

"ನೀವು ಮೊದಲೇ ನೋಡಿಟ್ಟುಕೊಂಡಿದ್ರೆ?"

ಆಗ ಸೊಸೆ ಮೊದಲ ಸಲ ಬಾಯಿ ಬಿಟ್ಟಳು. "ಯಾವುದಕ್ಕೆ ಕೊಡ್ತಿದ್ರಿ ಅತ್ತೆ? ಹೇಗೆ ಆರಿಸ್ತಿದ್ರಿ?"

"ಜಾಸ್ತಿ ತೇಕ್ತಿದ್ದವಕ್ಕೆ."

ಸೊಸೆ ಪಟ್ಟಿಯ ಹಾಳೆಗಳನ್ನು ಹಿಂದಕ್ಕೆ ಹಿಂದಕ್ಕೆ ತಿರುವಿ, ಎರಡನೆಯ ವಾರದ ಪುಟ ತೆರೆದು ಡಾಕ್ಟರ ಮುಂದಿಟ್ಟಳು. "ನಲವತ್ತು ದಿನದ ಹಿಂದೆ ನಾನು ಎಣಿಸಿದ ಉಸಿರು ಸಾರ್ ಇದು. ಇವರು ಹೇಳೋ ಒಂಬತ್ತರ ಉಸಿರು ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಇದ್ರೆ, ಇವರು ಹೇಳ್ತಿರೋದು ನಿಜ. ಈ ಪುಟ ಆವತ್ತೇ ಕಚೇರಿಗೂ ಹೋಗಿದೆ. ಇವತ್ತು ತಿದ್ದೋಕೆ ಆಗಲ್ಲ."

ಡಾಕ್ಟರು ಪುಟ ನೋಡಿದರು. ಅತ್ತೆಯನ್ನು ನೋಡಿದರು. "ಹೇಳಿ."

"ಸಿಡುಕಿ."

"ಇಪ್ಪತ್ತೆರಡು," ಎಂದಳು ಸೊಸೆ. "ನೂರ ತೊಂಬತ್ತು."

"ಬಿಳಿಮೂತಿ."

"ಎಂಟು. ನೂರ ಎಂಬತ್ತೈದು."

"ಕಿವಿಹರುಕಿ. ಅವಸರದವಳು. ಆಮೇಲೆ ಆ ಅಳುಬುರುಕಿ..."

"ಅಳುಬುರುಕಿ ಯಾವುದು?"

"ಅಯ್ಯೋ, ನೀನು ಗೊರಸಿಗೆ ಕತ್ತರಿ ತಗೊಂಡ್ರೆ ಸಾಕು ಊರು ಒಂದು ಮಾಡುತ್ತಲ್ಲ."

"ಮೂವತ್ತೊಂದು," ಎಂದಳು ಸೊಸೆ, ಮುಖದಲ್ಲಿ ಏನನ್ನೂ ತೋರಿಸದೆ. "ನೂರ ಎಂಬತ್ತು."

ಒಂಬತ್ತೂ ಆಯಿತು. ಒಂಬತ್ತೂ ಆ ಪುಟದಲ್ಲಿ ಉಸಿರು ಜಾಸ್ತಿಯೆಂದು ಸೊಸೆ ಆವತ್ತೇ ಕೆಂಪು ಗೀಟು ಹಾಕಿದ ಸಂಖ್ಯೆಗಳೇ. ಸತ್ತ ಎರಡೂ ಅಲ್ಲೇ ಇದ್ದವು. ಡಾಕ್ಟರು ಬೂಟು ಹಾಕಿಕೊಂಡು ಒಳಗೆ ಹೋದರು. ಅತ್ತೆಗೆ ಬರಬೇಡಿ ಎಂದರು. ಅವಳು ಔಷಧದ ತೊಟ್ಟಿಯ ಕಟ್ಟೆಯ ಮೇಲೆ ಬೇಲಿಗೆ ಬೆನ್ನು ಮಾಡಿ ಕೂತಳು. ಬಿಸಿಲು ನೇರ ನೆತ್ತಿಯ ಮೇಲೆ. ಹಿಂದೆ ಸೊಸೆ ಒಂದೊಂದನ್ನೇ ಹಿಡಿಯುವ ಸದ್ದು, ಡಾಕ್ಟರ ದನಿ: ಹಳದಿ. ಇಲ್ಲ. ಇಲ್ಲ. ಇಲ್ಲ. ಹಳದಿ. ಅತ್ತೆಗೆ ಪ್ರತಿಯೊಂದು "ಹಳದಿ"ಯೂ ಕಪಾಳಕ್ಕೆ ಬಿದ್ದಂತಾಗುತ್ತಿತ್ತು. ಪ್ರತಿಯೊಂದು ಸಲವೂ, ಇದು ಸರಿಯಾಗಲಿ ಎಂದೂ ಬೇಡುತ್ತಿದ್ದಳು.

ಮೂವತ್ತನಾಲ್ಕೂ ಮುಗಿಯುವಾಗ ಗಂಟೆ ಮೂರೂವರೆ. ಅವಳು ಹೆಸರಿಸಿದ ಒಂಬತ್ತರಲ್ಲಿ ಎಂಟಕ್ಕೆ ಹಳದಿ. ಹೆಸರಿಸದೇ ಇದ್ದ ಇಪ್ಪತ್ತೈದರಲ್ಲಿ ಒಂದಕ್ಕೂ ಇಲ್ಲ. ಆರು ಅಂಕಣಗಳಲ್ಲಿ ಚೆಲ್ಲಿದ ಕಾಳಿನ ಹಾಗೆ ಅಲ್ಲೊಂದು ಇಲ್ಲೊಂದು. ಹಳದಿಯಾದದ್ದರ ಮೈಗೆ ಮೈ ತಾಗಿಸಿ ನಿಂತದ್ದರ ಕಣ್ಣು ತಿಳಿಯಾಗಿತ್ತು.

"ಆ ಒಂಬತ್ತನೆಯದು?" ಎಂದು ಡಾಕ್ಟರು ಕೇಳಿದರು.

"ಅವಸರದವಳು. ಬಾಯಿಗೆ ಹಾಕಿದ್ದನ್ನ ಅರ್ಧ ಉಗೀತಿತ್ತು," ಎಂದಳು ಅತ್ತೆ. "ಬೈತಿದ್ದೆ ನಾನು ಅದಕ್ಕೆ."

ಡಾಕ್ಟರು ಕಾಲು ಅದ್ದಿ ಹೊರಗೆ ಬಂದರು. ಆಮೇಲೆ ಆಫೀಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಮೇಲಿನವರ ಜೊತೆ ಫೋನಿನಲ್ಲಿ ಒಂದು ಗಂಟೆ ಮಾತಾಡಿದರು. ಕೆಲವು ಮಾತು ಹೊರಗೂ ಕೇಳಿತು. "ನನ್ನ ಜವಾಬ್ದಾರಿ" ಎಂಬುದು ನಾಲ್ಕು ಸಲ ಕೇಳಿತು. ಹೊರಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು.

"ಐದು ದಿನ ಕೊಟ್ಟಿದಾರೆ. ರಕ್ತ ಈಗಲೇ ಕಳಿಸ್ತೀನಿ. ಒಳಗಿನ ತಾಮ್ರ ಹೊರಗೆ ತಳ್ಳೋಕೆ ಎರಡು ಉಪ್ಪಿನ ಔಷಧ ಇದೆ, ದಿನಾ ಕುಡಿಸಬೇಕು. ನೆರಳಿಂದ ಆಚೆ ಬಿಡಬಾರದು. ಓಡಿಸಬಾರದು, ಹೆದರಿಸಬಾರದು. ಈಲಿ ತುಂಬಿರೋ ತಾಮ್ರ ಬಿಸಿಲಿಗೋ ಓಟಕ್ಕೋ ಒಂದೇ ಸಲ ರಕ್ತಕ್ಕೆ ಇಳಿಯುತ್ತೆ. ಇಳಿದ್ರೆ ಮುಗೀತು." ಅವರು ಸೊಸೆಗೆ ಹೇಳುತ್ತಿದ್ದರು. ಆಮೇಲೆ ಅತ್ತೆಯ ಕಡೆ ತಿರುಗಿದರು. "ನೀವು ಇವತ್ತಿಂದ ಒಳಬೇಲಿ ದಾಟೋ ಹಾಗಿಲ್ಲ. ಇಲ್ಲಿ ಮಾತ್ರ ಅಲ್ಲ, ಮುಂದೆ ಯಾವ ಮಂದೆಯ ಕೆಲಸಕ್ಕೂ ನಿಮ್ಮ ಹೆಸರು ಬರಲ್ಲ. ಬರೆಯದೆ ಇರೋಕೆ ನನಗೆ ಆಗಲ್ಲಮ್ಮ."

"ಬರೀರಿ."

"ಮತ್ತೆ ಮನೆಗೂ ಕಳಿಸೋಕೆ ಆಗಲ್ಲ. ಇನ್ನೂ ಹದಿನೇಳು ದಿನ ಹೊರಗೇಟು ದಾಟೋ ಹಾಗಿಲ್ಲ."

"ಮತ್ತೆ ನಾನು ಎಲ್ಲಿರಲಿ?"

ಡಾಕ್ಟರು ಕೋಣೆಯ ಕಡೆ ಕೈ ತೋರಿಸಿದರು.

ಬೀಗದಣ್ಣನನ್ನು ಅವರು ಒಂದು ಮಾತೂ ಕೇಳಲಿಲ್ಲ. ಹಸುಗಳನ್ನು ಮಾತ್ರ ಅಂದೇ ಸಂಜೆ ಅಲ್ಲಿಂದ ಸಾಗಿಸಲು ಹೇಳಿದರು. ಅವನು ಹಗ್ಗ ಹಿಡಿದು ಹೋಗುವಾಗ ಅತ್ತೆಯ ಕಡೆ ತಿರುಗಲೂ ಇಲ್ಲ.

ಕೋಣೆಗೆ ಬಂದ ಮೇಲೆ ಸೊಸೆ ಬಾಗಿಲಿಗೆ ಒರಗಿ ನಿಂತಳು.

"ಐವತ್ತಮೂರು ಸಹಿ ಅತ್ತೆ. ಬೇರೇನೂ ಕೊಟ್ಟಿಲ್ಲ ಅಂತ. ಪ್ರತಿ ದಿನ."

"ಹೂಂ."

"ನನ್ನನ್ನ ಒಂದು ಮಾತು ಕೇಳಿದ್ರೆ ಆಗ್ತಿರಲಿಲ್ವಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು, ಬೇಡ ಅಂತಿದ್ದೆ!" ಎಂದು ಸೊಸೆ ಕೂಗಿದಳು. ಆಮೇಲೆ ಮೂರು ದಿನ ಅವಳು ಅತ್ತೆಯ ಜೊತೆ ಮಾತಾಡಲಿಲ್ಲ.

ಔಷಧ ಶುರುವಾಯಿತು. ಸೊಸೆಯೊಬ್ಬಳೇ ಮೇವು, ನೀರು, ಪರದೆ, ಔಷಧ ಎಲ್ಲವನ್ನೂ ನೋಡಬೇಕು. ಅತ್ತೆ ಕೋಣೆಯ ಮುಂದೆ ಸ್ಟೂಲು ಹಾಕಿಕೊಂಡು, ಜಾಲರಿಯಾಚೆಗೆ ನೋಡುತ್ತ ಕೂರುತ್ತಿದ್ದಳು. ಸೊಸೆ ಕುರಿಯನ್ನು ತಪ್ಪು ಕಡೆಯಿಂದ ಹಿಡಿದರೆ ಅತ್ತೆಯ ಬೆರಳು ಮಡಿಲಲ್ಲಿ ಹೊರಳುತ್ತಿದ್ದವು. ಎರಡನೆಯ ದಿನ ಅಳುಬುರುಕಿ ಸತ್ತಿತು. ಸದ್ದೇ ಇಲ್ಲದೆ ಸತ್ತಿತು. ನಾಲ್ಕನೆಯ ದಿನ ಬೆಳಗ್ಗೆ ರಕ್ತದ ವರದಿ ಬಂತು: ತಾಮ್ರ. ಗಾಡಿ ಬರುವುದಿಲ್ಲವೆಂದು ಡಾಕ್ಟರು ಗೇಟಿನಿಂದಲೇ ಕೂಗಿ ಹೇಳಿದರು. ಸೊಸೆ ಬಕೆಟ್ಟು ಕೆಳಗಿಟ್ಟು, ತೋಳಿನಿಂದ ಮುಖ ಒರೆಸಿಕೊಂಡು, ಮತ್ತೆ ಬಕೆಟ್ಟು ಎತ್ತಿಕೊಂಡಳು.

ಅದೇ ದಿನ ಮಧ್ಯಾಹ್ನ ಅತ್ತೆ ಸ್ಟೂಲಿನ ಮೇಲೆ ಕೂತು ಒಮ್ಮೆ ಕೆಮ್ಮಿದಳು. ಶೆಡ್ಡಿನ ನೆರಳಿನಲ್ಲಿ ಕಿವಿಗಳು ನಿಮಿರಿದವು. ಸಿಡುಕಿ ಎದ್ದಿತು. ಅದರ ಹಿಂದೆ ಕಿವಿಹರುಕಿ, ಅದರ ಹಿಂದೆ ಬಿಳಿಮೂತಿ. ಬಯಲಿನ ಉರಿಬಿಸಿಲಿಗೆ ಬಂದು, ಜಾಲರಿಗೆ ಮೂತಿ ಒತ್ತಿ, ತೇಕುತ್ತ, ಅವಳ ಕೈಯನ್ನೇ ನೋಡುತ್ತ ನಿಂತವು. ಉಂಡೆಯ ಹೊತ್ತು. ಅವಳು "ಹೋಗ್ರೇ, ಹೋಗಿ ಒಳಗೆ" ಎಂದಳು. ದನಿ ಕೇಳಿ ಇನ್ನೂ ನಾಲ್ಕು ಬಂದವು. ಕೈ ಬೀಸಿದರೆ ಕೊಡಲು ಕರೆಯುತ್ತಿದ್ದಾಳೆಂದು ಇನ್ನಷ್ಟು ಒತ್ತಿದವು. ಬಿಳಿಮೂತಿಯ ಮುಂಗಾಲು ಮಡಿಚಿತು. ಎದ್ದಿತು. ಮತ್ತೆ ಮಡಿಚಿತು.

ಸೊಸೆ ಓಡಿ ಬಂದು ಅದನ್ನು ತೆಕ್ಕೆಯಲ್ಲಿ ಹಿಡಿದು ನೆರಳಿಗೆ ಎಳೆದಳು. ತಿರುಗಿ ನೋಡಿದರೆ ಉಳಿದ ಆರೂ ಜಾಲರಿಯ ಬಳಿಯೇ. ಅವುಗಳ ಆಚೆ ಅತ್ತೆ ಸ್ಟೂಲಿನಿಂದ ಅರ್ಧ ಎದ್ದು, ಏನು ಮಾಡುವುದೆಂದು ತೋಚದೆ ನಿಂತಿದ್ದಳು.

"ಅತ್ತೆ," ಎಂದಳು ಸೊಸೆ. ಮೂರು ದಿನದಲ್ಲಿ ಅದು ಅವಳ ಮೊದಲ ಮಾತು. "ಒಳಗೆ ಹೋಗಿ. ನಿಮ್ಮನ್ನ ನೋಡಿದ್ರೆ ಅವು ನೆರಳಿಗೆ ಬರಲ್ಲ."

ಅತ್ತೆ ಒಳಗೆ ಹೋದಳು. ಬಾಗಿಲು ಹಾಕಿದಳು. ಕಿಟಕಿಯಿಂದ ಕಂಡೀತೆಂದು ಅದನ್ನೂ ಹಾಕಿದಳು. ಕೋಣೆ ಒಲೆಯ ಹೊಟ್ಟೆಯಂತಾಯಿತು. ಮಂಚದ ಮೇಲೆ ಕೂತಳು. ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತಿ ಕೆಮ್ಮಿದಳು. ಹಗಲೆಲ್ಲ ಹಾಗೇ ಇದ್ದಳು. ಮರುದಿನವೂ, ಅದರ ಮರುದಿನವೂ. ಸೊಸೆ ಊಟದ ತಟ್ಟೆಯನ್ನು ಬಾಗಿಲು ಓರೆ ಮಾಡಿ ನೂಕಿ ಹೋಗುತ್ತಿದ್ದಳು. ಗೋಡೆಯಾಚೆಯ ಉಸಿರು ದಿನದಿನಕ್ಕೆ ತೆಳುವಾಗುತ್ತಿತ್ತೋ, ಶಾಂತವಾಗುತ್ತಿತ್ತೋ, ಕುರಿಯ ಮೈ ಮುಟ್ಟದೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಬಾಗಿಲ ಸಂದಿಯಲ್ಲಿ ಪಿಸುಮಾತು ಕೇಳಿತು.

"ಅತ್ತೆ. ಸಿಡುಕಿ ಬಾಯೇ ಬಿಡ್ತಿಲ್ಲ. ಎರಡು ಸಲ ಔಷಧ ಚೆಲ್ತು. ಹಿಡಿದ್ರೆ ಒದ್ದಾಡುತ್ತೆ. ಒದ್ದಾಡಿಸಬಾರದು ಅಂದಿದಾರಲ್ಲ."

ಅತ್ತೆ ಎದ್ದು ಬಂದು ಬಾಗಿಲಿಗೆ ಕೆನ್ನೆ ತಾಗಿಸಿದಳು. ಮರ ಕಾದಿತ್ತು.

"ಮುಂದಿಂದ ಹೋಗ್ಬೇಡ," ಎಂದು ಪಿಸುಗುಟ್ಟಿದಳು. "ಪಕ್ಕದಲ್ಲಿ ನಿಂತ್ಕೋ, ಮೊಣಕಾಲು ಅದರ ಭುಜಕ್ಕೆ ಕೊಡು. ತುಟಿ ಮೂಲೇಲಿ ಹಲ್ಲಿಲ್ಲದ ಜಾಗ ಇದೆ. ಅಲ್ಲಿ ಬೆರಳು ತೂರಿಸು. ತಾನಾಗೇ ಬಾಯಿ ಬಿಡುತ್ತೆ. ತಲೆ ಮೇಲಕ್ಕೆ ಎತ್ತಬೇಡ, ಶ್ವಾಸಕ್ಕೆ ಹೋಗುತ್ತೆ. ಸ್ವಲ್ಪ ಸ್ವಲ್ಪ ಬಿಡು."

"ಎಡಗೈಯಾ ಬಲಗೈಯಾ?"

"ನಿಂಗೆ ಎಡಗೈ. ನೀನು ಬಲಗೈಲಿ ಸೀಸೆ ಹಿಡೀತೀಯ."

ಆಚೆ ಸೀಸೆಯ ಮುಚ್ಚಳ ತಿರುಗಿದ ಸದ್ದು.

"ಬಿಳಿಮೂತಿ ಇವತ್ತು ಮೇವು ತಿಂತು," ಎಂದಳು ಸೊಸೆ.

"ಎಷ್ಟು?" ಅತ್ತೆಯ ದನಿ ತಾನಾಗಿ ಏರಿತು.

"ಶ್! ಮೆತ್ತಗೆ. ಕಿವಿ ಎತ್ತಿದಾವೆ ನೋಡಿ."

ಅತ್ತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಸೊಸೆಯ ಹೆಜ್ಜೆ ಬಯಲನ್ನು ದಾಟಿ ಹೋದದ್ದು ಕೇಳಿತು. ಜಾಲರಿಯ ಬಳಿ ಒಂದು ಕುರಿ, ಸಿಡುಕಿಯೇ ಇರಬೇಕು, ಒಮ್ಮೆ ಕೂಗಿ ಉತ್ತರಕ್ಕೆ ಕಾಯಿತು. ಮತ್ತೆ ಕೂಗಿತು. ಅತ್ತೆ ಬಾಗಿಲಿಗೆ ಕೆನ್ನೆಯಿಟ್ಟು, ಬಾಯಿ ಮುಚ್ಚಿದ ಕೈ ತೆಗೆಯದೆ, ಅದು ಬೇಸತ್ತು ನೆರಳಿಗೆ ಹಿಂದಿರುಗುವವರೆಗೂ ಹಾಗೇ ನಿಂತಿದ್ದಳು.